ಕಾಶಿಯ ಪರವಾನಗಿ ಭಾಂಗ್ ಅಂಗಡಿ ಮತ್ತು ಅದರ ಮಗ್ಗುಲಿನ ಥಂಡಾಯಿ

ವಾರಾಣಸಿಯ ಗೊದೌಲಿಯಾ ಚೌಕದ ಸುತ್ತಮುತ್ತ ಥಂಡಾಯಿ, ಅಂದರೆ ಮಸಾಲೆ ಬೆರೆಸಿದ ತಣ್ಣಗಿನ ಹಾಲು, ಮಾರುವ ಹಳೆಯ ಅಂಗಡಿಗಳು ಹಲವಾರಿವೆ. ಅವುಗಳಲ್ಲಿ ಒಂದನ್ನೂ, ಅದರಿಂದ ನಾಲ್ಕು ಹೆಜ್ಜೆ ಆಚೆಗೆ ಉತ್ತರ ಪ್ರದೇಶದ ಅಬಕಾರಿ ಇಲಾಖೆಯ ಪರವಾನಗಿ ಪಡೆದು ಭಾಂಗ್, ಅಂದರೆ ಗಾಂಜಾ ಗಿಡದ ಅಮಲಿನ ಎಲೆ, ಮಾರುವ ಇನ್ನೊಂದನ್ನೂ ಜೊತೆಗಿಟ್ಟುಕೊಂಡು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಒಂದು ಕಡೆ ಹಾಲು, ಇನ್ನೊಂದು ಕಡೆ ಸೊಪ್ಪು; ಗಿರಾಕಿಯ ಲೋಟದಲ್ಲಿ ಎರಡೂ ಸೇರುವುದರಿಂದ ಬೇರೆಬೇರೆಯಾಗಿ ತೂಗುವುದರಲ್ಲಿ ಅರ್ಥವಿಲ್ಲ. ಅಂಗಡಿಗಳ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಮುಂದೆ ಹೇಳಲಿರುವ ದೂರು ಒಬ್ಬ ವ್ಯಾಪಾರಿಯ ಮೇಲಿನದಲ್ಲ. ಆ ಊರಿನಲ್ಲಿ ಇದೇ ಬಗೆಯ ಫಲಕ ಹಾಕಿಕೊಂಡ ಬೇರೆ ಯಾವ ಅಂಗಡಿಗೆ ಹೋಗಿದ್ದರೂ ಬಹುಶಃ ಅದನ್ನೇ ಬರೆಯಬೇಕಾಗುತ್ತಿತ್ತು. ಕಾಶಿಗೆ ಹೋಗುವ ಕನ್ನಡಿಗರಲ್ಲಿ ಬಹಳಷ್ಟು ಮಂದಿ ಜಂಗಮವಾಡಿ ಮಠದಲ್ಲೋ ಹನುಮಾನ್ ಘಾಟಿನ ಕರ್ನಾಟಕ ಛತ್ರದಲ್ಲೋ ಇಳಿದುಕೊಳ್ಳುತ್ತಾರೆ. ಜಂಗಮವಾಡಿಯಂತೂ ಗೊದೌಲಿಯಾಕ್ಕೆ ಅಂಟಿಕೊಂಡಂತೆಯೇ ಇದೆ. ಹೀಗಾಗಿ ವಿಶ್ವನಾಥನ ದರ್ಶನಕ್ಕೆಂದು ಹೊರಟವರ ಕಣ್ಣಿಗೆ ಈ ಫಲಕಗಳು ಬೀಳದೆ ಇರುವುದಿಲ್ಲ. ಕೆಲವರು ಸೆರಗು ಮೂಗಿಗೆ ಹಿಡಿದು ದಾಟಿಹೋಗುತ್ತಾರೆ, ಕೆಲವರು ಮನೆಯವರ ಕಣ್ಣು ತಪ್ಪಿಸಿ ಹಿಂದಿರುಗಿ ಬರುತ್ತಾರೆ. ಇಬ್ಬರಿಗೂ ಇದು ಉಪಯೋಗಕ್ಕೆ ಬಂದೀತು.

ಮೊದಲು ರುಚಿಯ ಮಾತು. ಭಾಂಗ್ ಸೇರಿಸದ ಸಾದಾ ಥಂಡಾಯಿಯೇ ಈ ಅಂಗಡಿಯ ಹೆಮ್ಮೆ ಎಂದರೆ ತಪ್ಪಾಗಲಾರದು. ನೆನೆಸಿ ಸಿಪ್ಪೆ ತೆಗೆದ ಬಾದಾಮಿ, ಕರಬೂಜದ ಬೀಜ, ಗಸಗಸೆ, ಸೋಂಪು, ಏಲಕ್ಕಿ, ಒಣಗಿಸಿದ ಗುಲಾಬಿ ಎಸಳು, ಇವೆಲ್ಲಕ್ಕೂ ಮೇಲಾಗಿ ಧಾರಾಳವಾಗಿ ಕರಿಮೆಣಸು. ಇವನ್ನು ಕಲ್ಲಿನ ಮೇಲೆ ಬೆಣ್ಣೆಯಂತೆ ಅರೆದು, ತಣ್ಣಗಿನ ಹಾಲಿನಲ್ಲಿ ಕದಡಿ, ತೆಳುವಾದ ಬಟ್ಟೆಯಲ್ಲಿ ಹಿಂಡಿ ಸೋಸುತ್ತಾರೆ. ಮಿಕ್ಸರಿನಲ್ಲಿ ತಿರುವಿದ ಥಂಡಾಯಿಗೂ ಇದಕ್ಕೂ ಇರುವ ಅಂತರ ಮೊದಲ ಗುಟುಕಿನಲ್ಲೇ ಗೊತ್ತಾಗುತ್ತದೆ: ನಾಲಿಗೆಗೆ ಬಾದಾಮಿಯ ತರಿ ಸಿಗುವುದಿಲ್ಲ, ಸಿಹಿ ಇಳಿದ ಮೇಲೆ ಗಂಟಲಿನಲ್ಲಿ ಮೆಣಸು ನಿಧಾನವಾಗಿ ಏಳುತ್ತದೆ. ಮೇಲೆ ಒಂದು ಚಮಚ ರಬಡಿ ಹಾಕಿ, ಮಣ್ಣಿನ ಕುಲ್ಹಡದಲ್ಲಿ ಕೊಡುತ್ತಾರೆ. ನಮ್ಮ ಬಾಯಿಗೆ ಸಕ್ಕರೆ ಒಂದು ಕೈ ಹೆಚ್ಚೇ. ಹೇಳಿದರೆ ಕಡಿಮೆ ಮಾಡುತ್ತಾರೆ. ಬೆಲೆ ನಮ್ಮೂರಿನ ಒಳ್ಳೆಯ ಹಣ್ಣಿನ ರಸದಂಗಡಿಯಷ್ಟೇ. ರುಚಿಗೆ ಮಾತ್ರ ಅಂಕ ಕೊಡುವುದಾದರೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಉಳಿದ ಅರ್ಧವನ್ನು ಕುಲ್ಹಡ ಎಸೆಯುವ ಬುಟ್ಟಿಯ ಸುತ್ತ ಮುತ್ತಿದ್ದ ನೊಣಗಳಿಗಾಗಿ ಹಿಡಿದುಕೊಂಡಿದ್ದೇನೆ.

ಭಾಂಗ್ ಬೇಕೆಂದವರಿಗೆ ಇದೇ ಹಾಲಿನಲ್ಲಿ ಹಸಿರು ಉಂಡೆಯೊಂದನ್ನು ಕದಡುತ್ತಾರೆ. ಆ ಉಂಡೆ ತಯಾರಾಗುವುದು ಪಕ್ಕದ ಪರವಾನಗಿ ಅಂಗಡಿಯಲ್ಲಿ. ಅದು ಕಬ್ಬಿಣದ ಜಾಲರಿಯ ಹಿಂದಿನ ಇಕ್ಕಟ್ಟಾದ ಕೋಣೆ. ನಾವು ನೋಡಿದಾಗ ಒಬ್ಬರು ಒಣಗಿದ ಎಲೆಗಳನ್ನು ನೀರಿನಲ್ಲಿ ನೆನೆಹಾಕಿ, ಹಿಂಡಿ, ಆ ಕಪ್ಪು ನೀರನ್ನು ಚೆಲ್ಲಿ, ಮತ್ತೆ ಹೊಸ ನೀರು ಹಾಕುತ್ತಿದ್ದರು. ಹೊಸ ನೀರು ತಿಳಿಯಾಗುವವರೆಗೆ ಇದು ನಡೆಯಿತು. ಅನಂತರ ಆ ಸೊಪ್ಪನ್ನು ಚಪ್ಪಟೆ ಕಲ್ಲಿನ ಮೇಲೆ ಹಾಕಿ, ಎರಡು ಕಾಳು ಮೆಣಸು ಸೇರಿಸಿ, ಮೈಭಾರವನ್ನೆಲ್ಲ ಗುಂಡಿನ ಮೇಲೆ ಬಿಟ್ಟು ಅರೆಯತೊಡಗಿದರು. ಗುಂಡು ಮುಂದೆ ಹೋಗಿ ಹಿಂದೆ ಬರುವಾಗ ಅರೆದದ್ದು ಕಲ್ಲು ಬಿಟ್ಟು ಅದಕ್ಕೇ ಅಂಟಿಕೊಂಡು ಮೇಲೇಳಬೇಕು, ಆಗ ಹದ ಬಂದಂತೆ ಎಂದು ನಮಗೆ ವಿವರಿಸಿದರು. ಹದ ಬಂದದ್ದನ್ನು ಅಂಗೈಯಲ್ಲಿ ಉರುಳಿಸಿ ಉಂಡೆ ಮಾಡಿ, ಹಳೆಯ ಪತ್ರಿಕೆಯ ಚೂರಿನಲ್ಲಿ ಸುತ್ತಿಕೊಟ್ಟರು. ಉಂಡೆಗಳಲ್ಲಿ ಒಂದು ಅಡಿಕೆಯಷ್ಟು, ಇನ್ನೊಂದು ಅದರ ಒಂದೂವರೆಯಷ್ಟು. ತಕ್ಕಡಿ ಇತ್ತು, ಅದು ಒಣ ಎಲೆಯನ್ನು ತೂಗಲಿಕ್ಕೆ. ಉಂಡೆಗೆ ಕೈಯಳತೆಯೇ ಪ್ರಮಾಣ. ಈ ಕೊನೆಯ ಸಂಗತಿಯನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಇದು ಕಾನೂನಿಗೆ ಹೇಗೆ ಸರಿಹೋಗುತ್ತದೆ ಎಂಬುದು ನಮ್ಮ ಕಡೆಯಿಂದ ಹೋದವರ ಮೊದಲ ಪ್ರಶ್ನೆ. ನಾನು ಕೇಳಿದ್ದಕ್ಕೆ ಜಾಲರಿಯ ಹಿಂದಿನವರು ತಲೆಯೆತ್ತದೆ, 'ಪತ್ತಾ ಹೈ ಸಾಹಬ್, ಫೂಲ್ ನಹೀಂ' (ಎಲೆ ಸಾಹೇಬರೇ, ಹೂವಲ್ಲ) ಎಂದರು. 1985ರ ಮಾದಕ ದ್ರವ್ಯ ಕಾಯ್ದೆಯ ಸಾರವನ್ನು ಇದಕ್ಕಿಂತ ಚಿಕ್ಕದಾಗಿ ಯಾವ ವಕೀಲರೂ ಹೇಳಲಾರರು. ಆ ಕಾಯ್ದೆಯು ಗಿಡದ ರಾಳವನ್ನು ಚರಸ್ ಎಂದೂ, ಹೂಬಿಟ್ಟ ಅಥವಾ ಕಾಯಿಕಟ್ಟಿದ ತುದಿಗಳನ್ನು ಗಾಂಜಾ ಎಂದೂ ಕರೆದು ಎರಡನ್ನೂ ನಿಷೇಧಿಸುತ್ತದೆ. ತುದಿಯ ಜೊತೆ ಸೇರದ ಬರಿಯ ಎಲೆ ಮತ್ತು ಬೀಜಗಳನ್ನು ಆ ವ್ಯಾಖ್ಯೆಯಿಂದ ಹೊರಗಿಡುತ್ತದೆ. 1961ರ ಅಂತಾರಾಷ್ಟ್ರೀಯ ಒಪ್ಪಂದದ ವ್ಯಾಖ್ಯೆಯೂ ಹೀಗೆಯೇ ಇದೆ. ಹೋಳಿ, ಶಿವರಾತ್ರಿಗಳಲ್ಲಿ ಎಲೆ ಅರೆಯುವ ದೇಶಕ್ಕೆ ಅದು ಅನುಕೂಲವಾಗಿಯೇ ಒದಗಿಬಂತು. ಎಲೆಯನ್ನು ಏನು ಮಾಡಬೇಕೆಂಬುದು ರಾಜ್ಯಗಳಿಗೆ ಬಿಟ್ಟ ವಿಷಯ. ಉತ್ತರ ಪ್ರದೇಶ, ರಾಜಸ್ಥಾನಗಳು ಪರವಾನಗಿ ಕೊಟ್ಟು ಶುಲ್ಕ ವಸೂಲಿ ಮಾಡುತ್ತವೆ. ನಮ್ಮಲ್ಲಿ ಇಂಥ ಅಂಗಡಿಗಳಿಲ್ಲ. ಒಂದೇ ಗಿಡದ ಎಲೆಗೆ ಕಾಶಿಯಲ್ಲಿ ಸರಕಾರಿ ಫಲಕ, ಅದೇ ಗಿಡದ ಹೂವು ಇಪ್ಪತ್ತು ಕಿಲೊ ಮೀರಿದರೆ ಕನಿಷ್ಠ ಹತ್ತು ವರ್ಷ ಸೆರೆಮನೆ. ರಾಳವಿರುವುದು ಹೆಚ್ಚಾಗಿ ಹೆಣ್ಣು ಗಿಡದ ಹೂವಿನಲ್ಲಿ, ಅಮಲಿನ ಅಂಶ ದಟ್ಟವಾಗಿರುವುದೂ ಅಲ್ಲಿಯೇ, ಆದ್ದರಿಂದ ಈ ಗೆರೆ ತೀರ ಅಸಂಬದ್ಧವೇನಲ್ಲ. ಆದರೆ ಎಲೆಯಲ್ಲಿ ಅಮಲೇ ಇಲ್ಲವೆಂದು ತಿಳಿದವರು ಎರಡು ಗಂಟೆ ತಡೆದು ನೋಡಬೇಕು.

ನಮ್ಮ ಗುಂಪಿನಲ್ಲಿ ಈ ವಿಷಯಕ್ಕೆ ಒಮ್ಮತವಿರಲಿಲ್ಲ ಎಂದರೆ ಕಡಿಮೆಯಾದೀತು. ದೊಡ್ಡಮ್ಮನವರು ಅಂಗಡಿಯ ಮೆಟ್ಟಿಲನ್ನೇ ತುಳಿಯಲಿಲ್ಲ. ಲಿಂಗಪೂಜೆ ಮುಗಿಯದೆ ಬಾಯಿಗೆ ನೀರು ಹಾಕದ ಅವರ ದೃಷ್ಟಿಯಲ್ಲಿ ಸೊಪ್ಪು, ಹೆಂಡ, ಸಾರಾಯಿ ಎಲ್ಲವೂ ಒಂದೇ ಸಾಲಿನವು. ಸುರಪುರ ತಾಲ್ಲೂಕಿನಿಂದ ಬಂದಿದ್ದ ನಮ್ಮ ಸೋದರಮಾವ, ಅಂದರೆ ಅವರ ಸ್ವಂತ ತಮ್ಮ, ಇದನ್ನು ಸುತರಾಂ ಒಪ್ಪಲಿಲ್ಲ. ಕೃಷ್ಣಾ ನದಿಯ ದಂಡೆಯ ತಿಂಥಣಿಯಲ್ಲಿ ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ಮೌನೇಶ್ವರನ ಸನ್ನಿಧಿಯಿದೆ. ಜಾತ್ರೆಯ ಹೊತ್ತಿಗೆ ಅಲ್ಲಿ ಗಾಂಜಾವನ್ನು ಪ್ರಸಾದವೆಂದು ಸ್ವೀಕರಿಸುವ ರೂಢಿಯ ಬಗ್ಗೆ 2020ರಲ್ಲಿ ಪತ್ರಿಕೆಗಳು ದೊಡ್ಡದಾಗಿ ಬರೆದಿದ್ದವು. ಬೆಂಗಳೂರಿನಲ್ಲಿ ಚಿತ್ರರಂಗದವರ ಮೇಲೆ ಮಾದಕ ವಸ್ತುಗಳ ಪ್ರಕರಣಗಳು ಬಿದ್ದು, ಸುದ್ದಿ ವಾಹಿನಿಗಳಿಗೆ ಹಗಲಿರುಳು ಬೇರೆ ಕೆಲಸವೇ ಇಲ್ಲದಿದ್ದ ದಿನಗಳು ಅವು. ಮಾವನವರ ಮಾತನ್ನು ಅವರ ಬಾಯಿಯಲ್ಲಿ ಬಂದಂತೆಯೇ ಬರೆಯುತ್ತೇನೆ: 'ನಮ್ಮ ಕಡಿ ಇದಕ್ಕ ಯಾರೂ ನಶಾ ಅನ್ನಂಗಿಲ್ಲ. ಗದ್ದುಗಿಗಿ ಏರಿಸಿ, ಚಿಲುಮಿ ಹಚ್ಚಿ, ಭಜನಿಗಿ ಕೂಡ್ತಾರ. ಮನ್ಯಾಗ ತಂದು ಸೇದಿದವನಿಗಿ ಅದೇ ಮಂದಿ ಛೀ ಥೂ ಅಂತಾರ.' ದೊಡ್ಡಮ್ಮನವರು ಸುಮ್ಮನಿರಲಿಲ್ಲ: 'ಅಲ್ಲೋ ತಮ್ಮಾ, ದೇವರ ಮುಂದ ಇಟ್ಟ ಕೂಡಲೇ ವಿಷ ತೀರ್ಥ ಆಗತದೇನು? ಶಿವ ಹಾಲಾಹಲ ಕುಡದಾನಂತ ನಾವೂ ಒಂದು ಲೋಟ ಕುಡಿಯೋಣೇನು?'

ಈ ಇಬ್ಬರ ಮಾತುಗಳನ್ನು ಬರಿಯ ಅಕ್ಕ ತಮ್ಮಂದಿರ ಜಗಳವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಮಾವನವರು ಹೇಳುತ್ತಿದ್ದುದು ವಸ್ತುವಿನ ಗುಣವನ್ನಲ್ಲ. ಅದಕ್ಕೆ ಸಮುದಾಯ ಹಾಕಿದ ಬೇಲಿಯನ್ನು. ಆ ಜಾಗ, ಆ ಹೊತ್ತು, ಹಿರಿಯರ ಕಣ್ಣೆದುರು, ಅಷ್ಟಕ್ಕೇ ಅದು ಸರಿ; ಬೇಲಿ ದಾಟಿದರೆ ಅದೇ ಜನ ಅದನ್ನು ಚಟವೆಂದು ಕರೆಯುತ್ತಾರೆ. ದೊಡ್ಡಮ್ಮನವರಿಗೆ ಬೇಲಿಯ ಮೇಲೆಯೇ ನಂಬಿಕೆಯಿಲ್ಲ. ಜಾತ್ರೆಯಲ್ಲಿ ಕಲಿತದ್ದನ್ನು ಜಾತ್ರೆಯಲ್ಲೇ ಬಿಟ್ಟುಬಂದವರು ಎಷ್ಟು ಮಂದಿ ಎಂಬುದು ಅವರ ಪ್ರಶ್ನೆ, ಅದು ಸಣ್ಣ ಪ್ರಶ್ನೆಯಲ್ಲ. ತಮಾಷೆಯೆಂದರೆ, ಅವರ ಕೈಯ ಗಸಗಸೆ ಪಾಯಸಕ್ಕೆ ನಮ್ಮ ಇಡೀ ಬಳಗವೇ ಕಾದಿರುತ್ತದೆ. ಗಸಗಸೆಯು ಅಫೀಮಿನ ಗಿಡದ ಬೀಜ, ಮಧ್ಯಪ್ರದೇಶ ರಾಜಸ್ಥಾನಗಳ ರೈತರು ಕೇಂದ್ರ ಸರಕಾರದ ಪರವಾನಗಿಯಿಲ್ಲದೆ ಅದನ್ನು ಬಿತ್ತುವಂತಿಲ್ಲ ಎಂದು ನಮ್ಮ ಜೊತೆಗಿದ್ದ ಡಾಕ್ಟರರು ತಿಳಿಸಿದಾಗ, ದೊಡ್ಡಮ್ಮನವರು, 'ಬೀಜ ಬ್ಯಾರೆ, ಗಿಡದ ಹಾಲು ಬ್ಯಾರೆ' ಎಂದು ಒಂದೇ ಮಾತಿನಲ್ಲಿ ಕೈತೊಳೆದುಕೊಂಡರು. ಗಿಡದ ಯಾವ ಭಾಗ ಎನ್ನುವುದರ ಮೇಲೆ ಪಾಪಪುಣ್ಯವನ್ನು ತೀರ್ಮಾನಿಸಿದ ಸಂಸತ್ತಿಗೂ ಅವರಿಗೂ ಅಲ್ಲಿ ಒಮ್ಮತವಿತ್ತು.

ಅಂಗಡಿಯವರಿಗೆ ಈ ಚರ್ಚೆಯೆಲ್ಲ ಹಳೆಯದು. ಅವರ ಬಳಿ ಸಿದ್ಧವಾದ ಉತ್ತರವಿದೆ: ವೇದದಲ್ಲೇ ಇದೆ, ಭೋಲೇಬಾಬಾನ ಪ್ರಸಾದ, ಆಯುರ್ವೇದದ ಔಷಧ. ಮೂರೂ ಮಾತುಗಳಲ್ಲಿ ಸತ್ಯಾಂಶವಿದೆ; ಆದರೆ ಮೂರಕ್ಕೂ ಒಂದೊಂದು ಬಾಲವಿದೆ, ಅದನ್ನು ಅವರು ಹೇಳುವುದಿಲ್ಲ. ಅಥರ್ವವೇದದ ಹನ್ನೊಂದನೆಯ ಕಾಂಡದ ಒಂದು ಮಂತ್ರವು ಸೋಮವನ್ನು ಮೊದಲುಮಾಡಿ ಐದು ಗಿಡಗಳ ರಾಜ್ಯಗಳನ್ನು ಕರೆಯುತ್ತದೆ. ದರ್ಭೆ, ಜವೆಗೋಧಿಗಳ ಸಾಲಿನಲ್ಲಿ ಭಂಗದ ಹೆಸರೂ ಇದೆ. ನಮ್ಮನ್ನು ಸಂಕಟದಿಂದ ಬಿಡಿಸಲಿ ಎಂಬುದು ಅಲ್ಲಿನ ಪ್ರಾರ್ಥನೆ. ಅದನ್ನು ಅರೆದು ಕುಡಿಯಬೇಕೆಂದು ಆ ಮಂತ್ರದಲ್ಲಿ ಎಲ್ಲಿಯೂ ಇಲ್ಲ. ಶಾರ್ಙ್ಗಧರ ಸಂಹಿತೆಯು ಭಂಗವನ್ನು ಅಫೀಮಿನೊಂದಿಗೆ ಸೇರಿಸಿ, ಜೀರ್ಣವಾಗುವ ಮೊದಲೇ ಮೈಯೆಲ್ಲ ವ್ಯಾಪಿಸುವ ದ್ರವ್ಯಗಳಿಗೆ ಉದಾಹರಣೆಯಾಗಿ ಕೊಡುತ್ತದೆ. ವೈದ್ಯನೊಬ್ಬ ಇನ್ನೊಬ್ಬ ವೈದ್ಯನಿಗೆ ಕೊಟ್ಟ ಎಚ್ಚರಿಕೆಯ ಧಾಟಿ ಅದರಲ್ಲಿದೆ. ಇಂದಿನ ಔಷಧ ನಿಯಮಗಳೂ ಭಾಂಗನ್ನು ಆಯುರ್ವೇದದ ವಿಷದ್ರವ್ಯಗಳ ಪಟ್ಟಿಯಲ್ಲಿರಿಸಿ, ಅದು ಸೇರಿದ ಔಷಧವನ್ನು ವೈದ್ಯರ ಮೇಲ್ವಿಚಾರಣೆಯಲ್ಲೇ ತೆಗೆದುಕೊಳ್ಳಬೇಕೆಂದು ಪೊಟ್ಟಣದ ಮೇಲೆ ನಮೂದಿಸಲು ಹೇಳುತ್ತವೆ. ಔಷಧದಂಗಡಿಯಲ್ಲಿ ಎಚ್ಚರಿಕೆ ಬರೆದೇ ಮಾರಬೇಕಾದದ್ದನ್ನು ಪಕ್ಕದ ಗಲ್ಲಿಯಲ್ಲಿ ಪತ್ರಿಕೆಯ ಚೂರಿನಲ್ಲಿ ಸುತ್ತಿ ಕೊಡಬಹುದು ಎಂಬುದನ್ನು ನಾನು ಇಲ್ಲಿ ಬರೆದಿಡುತ್ತೇನೆ, ಅಷ್ಟೆ.

ಚರಿತ್ರೆಯ ಬಗ್ಗೆ ಆಸಕ್ತಿಯುಳ್ಳವರಿಗೆ ಈ ಅಂಗಡಿಯ ಫಲಕವೇ ಒಂದು ದಾಖಲೆ. 1893ರಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ಪಾನನಿರೋಧದ ಪರವಾಗಿದ್ದ ಸದಸ್ಯರ ಒತ್ತಾಯದಿಂದ, ಭಾರತದಲ್ಲಿ ಗಾಂಜಾ, ಚರಸ್, ಭಾಂಗ್‌ಗಳ ಬಳಕೆಯನ್ನು ಪರಿಶೀಲಿಸಲು ಏಳು ಮಂದಿಯ ಆಯೋಗವೊಂದು ನೇಮಕವಾಯಿತು. ಮ್ಯಾಕ್‌ವರ್ತ್ ಯಂಗ್ ಅದರ ಅಧ್ಯಕ್ಷರು. ಅದು 1193 ಸಾಕ್ಷಿಗಳ ಹೇಳಿಕೆ ಪಡೆದು 1894ರಲ್ಲಿ ಮೂರು ಸಾವಿರ ಪುಟಗಳಿಗೂ ಮೀರಿದ ವರದಿ ಕೊಟ್ಟಿತು. ಅದರಲ್ಲಿ ನನಗೆ ಬಹಳ ಹಿಡಿಸಿದ ಭಾಗ ಹುಚ್ಚಾಸ್ಪತ್ರೆಗಳ ವಿಚಾರಣೆ. ಗಾಂಜಾ ಸೇದಿದರೆ ಹುಚ್ಚು ಹಿಡಿಯುತ್ತದೆ ಎಂಬುದಕ್ಕೆ ಆಸ್ಪತ್ರೆಗಳ ದಾಖಲೆಗಳೇ ಆಧಾರವೆಂದು ಎಲ್ಲರೂ ಹೇಳುತ್ತಿದ್ದರು. ಆಯೋಗವು 1892ರಲ್ಲಿ ಸೇರಿದ 1344 ರೋಗಿಗಳ ಕಡತಗಳನ್ನು ಬಿಚ್ಚಿಸಿತು. ಅವರಲ್ಲಿ 222 ಮಂದಿಯ ಹೆಸರಿನ ಮುಂದೆ ಈ ಗಿಡವೇ ಕಾರಣವೆಂದು ಬರೆದಿತ್ತು. ಬೇರು ಹಿಡಿದು ಹೋದಾಗ, ಕರೆತಂದ ಪೊಲೀಸರು ಏನಾದರೊಂದು ಕಾರಣ ತುಂಬಲೇಬೇಕಾದ ಕಡೆ ಇದನ್ನು ತುಂಬಿದ್ದು ಎಷ್ಟೋ ಪ್ರಕರಣಗಳಲ್ಲಿ ಬಯಲಾಯಿತು. ಪರಿಶೀಲನೆಯ ಅನಂತರ ಉಳಿದದ್ದು 98, ಅವುಗಳಲ್ಲೂ ಕೆಲವಕ್ಕೆ ಬೇರೆ ಕಾರಣಗಳು ಸೇರಿಕೊಂಡಿದ್ದವು. ಮಿತವಾದ ಬಳಕೆಯಿಂದ ಹೇಳಿಕೊಳ್ಳುವಂಥ ಕೆಡುಕಿಲ್ಲ, ಅತಿಯಾದದ್ದು ಕೆಡುಕು, ಪೂರ್ಣ ನಿಷೇಧ ಅನಗತ್ಯ, ತೆರಿಗೆ ಮತ್ತು ಪರವಾನಗಿಯಿಂದ ಹತೋಟಿಯಲ್ಲಿಡಿ ಎಂಬುದು ಬಹುಮತದ ತೀರ್ಮಾನ. ಗೊದೌಲಿಯಾದ ಜಾಲರಿ ಕಿಟಕಿ ಆ ತೀರ್ಮಾನದ ಮೊಮ್ಮಗ.

ಈ ವರದಿಯನ್ನು ಇಂದು ಗಾಂಜಾದ ಪರವಾಗಿ ಮಾತನಾಡುವವರೆಲ್ಲ ಎತ್ತಿ ತೋರಿಸುತ್ತಾರೆ. ಆದರೆ ಅದರ ಕೊನೆಯಲ್ಲಿ ಭಿನ್ನಮತದ ಟಿಪ್ಪಣಿಗಳಿದ್ದುದನ್ನು ಹೇಳುವವರು ಕಡಿಮೆ. ಬರೆದವರು ಬ್ರಿಟಿಷರಲ್ಲ, ಆಯೋಗದಲ್ಲಿದ್ದ ಮೂವರು ಭಾರತೀಯರಲ್ಲಿ ಇಬ್ಬರು, ತಾಹಿರಪುರದ ರಾಜಾ ಶಶಿಶೇಖರೇಶ್ವರ ರಾಯ್ ಮತ್ತು ಲಾಲಾ ನಿಹಾಲ್ ಚಂದ್. ಕೆಡುಕನ್ನು ಬಹುಮತವು ಹಗುರಾಗಿ ತೂಗಿದೆ, ಹತೋಟಿ ಇನ್ನೂ ಬಿಗಿಯಾಗಬೇಕು ಎಂಬ ದಿಕ್ಕಿನಲ್ಲಿದ್ದವು ಅವರ ಆಕ್ಷೇಪಗಳು. ಹಾಗಾಗಿ, ಗಿಡ ನಮ್ಮದು, ಅದನ್ನು ಪಾಪವೆಂದು ಕರೆದದ್ದು ಪರದೇಶದವರು ಎಂಬ ಜನಪ್ರಿಯ ಕಥೆ ಪೂರ್ತಿ ನಿಲ್ಲುವುದಿಲ್ಲ. ಅಬಕಾರಿ ಆದಾಯದ ಮೇಲೆ ಕಣ್ಣಿಟ್ಟ ಅಧಿಕಾರಿಗಳು ಅದನ್ನು ಸಹಿಸಿಕೊಂಡರು, ಮನೆಯೊಳಗಿನ ಹಿರಿಯರು ಆಗಲೂ ತಕರಾರು ತೆಗೆದರು. ದೊಡ್ಡಮ್ಮನವರಿಗೆ ಇದನ್ನು ವಿವರಿಸಿದಾಗ, ಆ ಇಬ್ಬರಿಗೆ ಅವರು ಅಲ್ಲಿಂದಲೇ ಶರಣು ಹೇಳಿದರು. ಗಿಡವನ್ನು ಪಾಶ್ಚಾತ್ಯ ವೈದ್ಯಕ್ಕೆ ಪರಿಚಯಿಸಿದ ಒಷಾನೆಸಿ ಎಂಬ ವೈದ್ಯ 1839ರಲ್ಲಿ ಕಲ್ಕತ್ತೆಯ ಮೆಡಿಕಲ್ ಕಾಲೇಜಿನಲ್ಲಿದ್ದುಕೊಂಡೇ ಧನುರ್ವಾಯು ರೋಗಿಗಳ ಮೇಲೆ ಅದನ್ನು ಪ್ರಯೋಗಿಸಿದ್ದನ್ನೂ ನಾನು ಹೇಳಿನೋಡಿದೆ. ಅದಕ್ಕೆ ಅಷ್ಟು ಮರ್ಯಾದೆ ಸಿಗಲಿಲ್ಲ.

ಇನ್ನು ದೂರಿಗೆ ಬರುತ್ತೇನೆ. ಥಂಡಾಯಿ ಅಂಗಡಿಯವರು ಭಾಂಗ್ ಕೇಳಿದ ಪ್ರತಿಯೊಬ್ಬರಿಗೂ, 'ಹಲ್ಕಾ, ಮೀಡಿಯಂ, ಯಾ ಕಡಕ್?' (ಹಗುರವೋ, ಮಧ್ಯಮವೋ, ಬಿರುಸೋ) ಎಂದು ವಿಚಾರಿಸುತ್ತಾರೆ. ಈ ಮೂರು ಮಾತುಗಳ ಹಿಂದೆ ಏನಿದೆಯೆಂದು ಗಿರಾಕಿಗೆ ತಿಳಿಯುವ ಯಾವ ದಾರಿಯೂ ಇಲ್ಲ. ನಮ್ಮ ಯಾತ್ರೆಯ ತಂಡದಲ್ಲಿದ್ದ ಒಬ್ಬ ಯುವಕ, ಮೈಯಲ್ಲಿ ಕಸುವಿದ್ದವನು, ಮೀಡಿಯಂ ಎಂದು ಹೇಳಿ ಒಂದು ಕುಲ್ಹಡ ಕುಡಿದು, ಮುಕ್ಕಾಲು ಗಂಟೆಯಾದರೂ ಏನೂ ಅನ್ನಿಸಲಿಲ್ಲವೆಂದು ಮತ್ತೊಂದನ್ನು ಕೇಳಿದ. ಕೊಟ್ಟವರು ಒಂದು ಮಾತೂ ಆಡದೆ ಕೊಟ್ಟರು. ಗಂಗಾರತಿ ಮುಗಿಯುವ ಹೊತ್ತಿಗೆ ಅವನಿಗೆ ಮೆಟ್ಟಿಲುಗಳ ಎತ್ತರ ತಗ್ಗು ತಿಳಿಯದಾಯಿತು. ಕೋಣೆಗೆ ಕರೆತಂದಾಗ ಎದೆ ಹೊಡೆದುಕೊಳ್ಳುತ್ತಿದೆ, ತಾನು ಸಾಯುತ್ತೇನೆ, ಊರಿಗೆ ಫೋನ್ ಮಾಡಿ ಎಂದು ಗೋಳಾಡಿದ. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಮನೋವೈದ್ಯರಾಗಿ ನಿವೃತ್ತರಾದ ನಮ್ಮ ಡಾಕ್ಟರರು ನಾಡಿ ಹಿಡಿದುಕೊಂಡು ಪಕ್ಕದಲ್ಲಿ ಕುಳಿತು, ಇದು ಇಳಿಯುತ್ತದೆ, ಗಾಬರಿಯಾಗಬೇಡ ಎಂದು ಮೆಲ್ಲನೆ ಹೇಳುತ್ತಾ ರಾತ್ರಿಯೆಲ್ಲ ಕಾದರು. ಮಾರನೆಯ ದಿನ ಮಧ್ಯಾಹ್ನದವರೆಗೂ ಅವನ ಕಣ್ಣು ಮಬ್ಬಾಗಿಯೇ ಇತ್ತು, ದರ್ಶನದ ಸರದಿ ತಪ್ಪಿತು.

ಡಾಕ್ಟರರು ವಿವರಿಸಿದ ಕಾರಣ ಸರಳವಾಗಿದೆ. ಸೇದಿದ್ದು ಶ್ವಾಸಕೋಶದಿಂದ ಕೆಲವೇ ನಿಮಿಷಗಳಲ್ಲಿ ಮಿದುಳಿಗೆ ಮುಟ್ಟುತ್ತದೆ. ಸಾಕು ಅಥವಾ ಬೇಕು ಎಂದು ಸೇದುವವನಿಗೆ ಅಲ್ಲಿಯೇ ತಿಳಿಯುತ್ತದೆ. ಕುಡಿದದ್ದು ಹೊಟ್ಟೆ, ಕರುಳು, ಯಕೃತ್ತುಗಳನ್ನು ಹಾದು ಬರಬೇಕು, ಅದಕ್ಕೆ ಅರ್ಧ ಗಂಟೆಯಿಂದ ಎರಡು ಗಂಟೆಯವರೆಗೆ ಹಿಡಿಯುತ್ತದೆ. ಯಕೃತ್ತಿನಲ್ಲಿ ಅದು ಇನ್ನೊಂದು ರೂಪ ತಾಳುತ್ತದೆ, ಆ ರೂಪಕ್ಕೂ ಅಮಲೇರಿಸುವ ಬಲವಿದೆ. ಅಮಲಿನ ಅಂಶ ಕೊಬ್ಬಿನಲ್ಲಿ ಕರಗುವುದರಿಂದ ಹಾಲು ಅದಕ್ಕೆ ಒಳ್ಳೆಯ ವಾಹನ. ಮೊದಲ ಲೋಟ ಏರುವ ಮುನ್ನವೇ ಎರಡನೆಯದು ಒಳಗಿಳಿದರೆ ಎರಡೂ ಒಟ್ಟಿಗೆ ಎದ್ದು ನಿಲ್ಲುತ್ತವೆ. ಇಷ್ಟನ್ನು ಹೇಳಲು ಅಂಗಡಿಯವರಿಗೆ ಅರ್ಧ ನಿಮಿಷ ಬೇಕಾಗಿರಲಿಲ್ಲ. ಬನಾರಸಿನವರೇ ಆದ ಗಿರಾಕಿಗಳಿಗೆ ಹೇಳಬೇಕಾಗಿಯೂ ಇಲ್ಲ. ಅವರು ತಮ್ಮ ಅಳತೆಯನ್ನು ಅಪ್ಪ, ಚಿಕ್ಕಪ್ಪಂದಿರಿಂದ ಕಲಿತಿರುತ್ತಾರೆ, ಸಂಜೆ ಕುಡಿದು, ನದಿಯಾಚೆ ಹೋಗಿ ಮಿಂದು, ಹೊಟ್ಟೆತುಂಬ ಉಂಡು ಮಲಗುತ್ತಾರೆ. ಮಾವನವರು ಹೇಳಿದ ಬೇಲಿ ಅವರಿಗಿದೆ. ಯಾತ್ರಿಕನಿಗೆ ಆ ಬೇಲಿಯಿಲ್ಲ, ಪರವಾನಗಿ ಕೊಟ್ಟ ಸರಕಾರವೂ ಅದರ ಬದಲಿಗೆ ಇನ್ನೊಂದನ್ನು ಕಟ್ಟಿಕೊಟ್ಟಿಲ್ಲ.

ಗಿಡದ ಬಗ್ಗೆ ಡಾಕ್ಟರರ ನಿಲುವೇನು ಎಂದು ಕೇಳಿದವರಿಗೆ ನಿರಾಶೆಯಾಯಿತು. ಪಾಪವೆನ್ನಲೂ ಒಪ್ಪಲಿಲ್ಲ, ನಿರುಪದ್ರವಿಯೆನ್ನಲೂ ಒಪ್ಪಲಿಲ್ಲ. ಹದಿಹರೆಯದಲ್ಲೇ ಶುರುಮಾಡಿ, ದಿನವೂ ಬಲವಾದ ಮಾಲನ್ನು ಸೇದಿದವರಲ್ಲಿ ಚಿತ್ತವಿಕಲತೆಯ ಅಪಾಯ ಹೆಚ್ಚುತ್ತದೆ, ಮನೆತನದಲ್ಲಿ ಆ ಕಾಯಿಲೆಯಿದ್ದವರು ಹತ್ತಿರಕ್ಕೂ ಹೋಗಬಾರದು ಎಂದರು. ಜೊತೆಗೆ, ತಮ್ಮ ಸೇವಾವಧಿಯಲ್ಲಿ ಸಾರಾಯಿ ಹಾಳುಮಾಡಿದ ಮನೆಗಳ ಎದುರಿಗೆ ಭಾಂಗ್ ಹಾಳುಮಾಡಿದ ಮನೆಗಳನ್ನು ಇಟ್ಟರೆ ತಕ್ಕಡಿ ಯಾವ ಕಡೆ ಬಾಗುತ್ತದೆಂದು ತಮಗೆ ಸಂಶಯವಿಲ್ಲ ಎಂದೂ ಸೇರಿಸಿದರು. ಕೇಂದ್ರ ಸರಕಾರಕ್ಕಾಗಿ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆ ದೇಶದಲ್ಲಿ ಸುಮಾರು 3.1 ಕೋಟಿ ಮಂದಿ ವರ್ಷದಲ್ಲಿ ಒಮ್ಮೆಯಾದರೂ ಈ ಗಿಡದ ಯಾವುದಾದರೊಂದು ರೂಪವನ್ನು ಬಳಸಿದ್ದಾರೆಂದು ಅಂದಾಜಿಸಿತ್ತು. ಅವರಲ್ಲಿ ಭಾಂಗ್ ಬಳಸಿದವರು 2.2 ಕೋಟಿ, ಗಾಂಜಾ ಚರಸ್‌ಗಳನ್ನು ಬಳಸಿದವರು 1.3 ಕೋಟಿ. ಚಿಕಿತ್ಸೆಯ ನೆರವು ಬೇಕಾಗುವ ಮಟ್ಟಕ್ಕೆ ಹೋದವರು 72 ಲಕ್ಷ ಎಂಬ ಅಂದಾಜೂ ಅದರಲ್ಲಿದೆ. ದೊಡ್ಡಮ್ಮನವರು ಈ ಕೊನೆಯ ಸಂಖ್ಯೆಯನ್ನು ಹಿಡಿದುಕೊಂಡರು, ಮಾವನವರು ಮೊದಲನೆಯದನ್ನು.

ನನ್ನ ದೃಷ್ಟಿಯಲ್ಲಿ ಈ ಅಂಗಡಿಯ ಮೇಲಿನ ನೈತಿಕ ಪ್ರಶ್ನೆ ಶಿವನಿಗೋ ಋಷಿಗಳಿಗೋ ಕೇಳುವಂಥದ್ದಲ್ಲ. ಬೆಂಗಳೂರಿನ ಅಂಗಡಿಗಳಲ್ಲಿ ಇದೇ ಗಿಡದ ಬೀಜದ ಪೊಟ್ಟಣಗಳು ಈಗ ಸಿಗುತ್ತವೆ. 2021ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು ಬೀಜ, ಬೀಜದೆಣ್ಣೆ, ಬೀಜದ ಹಿಟ್ಟುಗಳನ್ನು ಆಹಾರವೆಂದು ಒಪ್ಪಿಕೊಂಡಿತು. ಬೀಜದಲ್ಲಿ ಅಮಲಿನ ಅಂಶ ಒಂದು ಕಿಲೊಗೆ ಐದು ಮಿಲಿಗ್ರಾಂ ಮೀರಬಾರದೆಂದು ಮಿತಿ ಹಾಕಿತು. ಅಂದರೆ, ಬೊಗಸೆಗಟ್ಟಲೆ ತಿಂದರೂ ಯಾರಿಗೂ ಅಮಲೇರದ ಬೀಜಕ್ಕೆ ಮಿಲಿಗ್ರಾಂ ಲೆಕ್ಕದ ಕಟ್ಟುಪಾಡಿದೆ. ಹಟ್ಟಾಕಟ್ಟಾ ಯುವಕನನ್ನು ರಾತ್ರಿಯೆಲ್ಲ ನಡುಗಿಸಿದ ಉಂಡೆಗೆ ಅಡಿಕೆಯ ಗಾತ್ರವೇ ಅಳತೆ. ಶುಲ್ಕ ತೆಗೆದುಕೊಂಡು ಫಲಕ ಹಾಕಿಸಿದ ಇಲಾಖೆ ಅದೇ ಫಲಕದ ಕೆಳಗೆ, ಏರಲು ಎರಡು ಗಂಟೆ ಹಿಡಿಯಬಹುದು, ಎರಡನೆಯದನ್ನು ಕೇಳಬೇಡಿ, ಗರ್ಭಿಣಿಯರೂ ಹೃದಯದ ಕಾಯಿಲೆಯವರೂ ಕುಡಿಯಬೇಡಿ ಎಂದು ಮೂರು ಸಾಲು ಬರೆಸಿದರೆ ಯಾರ ಧರ್ಮಕ್ಕೂ ಧಕ್ಕೆಯಾಗುವುದಿಲ್ಲ, ಯಾರ ವ್ಯಾಪಾರಕ್ಕೂ ನಷ್ಟವಾಗುವುದಿಲ್ಲ. ಆ ಮೂರು ಸಾಲುಗಳಿಲ್ಲದ ಕಾರಣ ಸೇವೆಗೆ ಐದಕ್ಕೆ ಒಂದೂವರೆಗಿಂತ ಹೆಚ್ಚು ಕೊಡಲಾರೆ. ಆ ಒಂದೂವರೆಯೂ ಜಾಲರಿಯ ಹಿಂದೆ ಎಲೆ ತೊಳೆಯುತ್ತಿದ್ದವರ ಶುಚಿತ್ವಕ್ಕೆ ಮತ್ತು ಪ್ರಶ್ನೆ ಕೇಳಿದರೆ ಬೇಸರಿಸದ ಅವರ ಸೌಜನ್ಯಕ್ಕೆ ಸಲ್ಲಬೇಕಾದದ್ದು.

ಹೋಗುವವರಿಗೆ ಕೆಲವು ಸೂಚನೆಗಳು. ಥಂಡಾಯಿಯನ್ನು ಅವಶ್ಯವಾಗಿ ಕುಡಿಯಿರಿ, ಆದರೆ ಕೇಳುವಾಗಲೇ 'ಸಾದಾ' ಎಂದು ಗಟ್ಟಿಯಾಗಿ ಹೇಳಿ, ನಿಮ್ಮ ಲೋಟಕ್ಕೆ ಹಸಿರು ಸೇರಿಲ್ಲವೆಂಬುದನ್ನು ಕಣ್ಣಾರೆ ನೋಡಿಕೊಳ್ಳಿ. ಮಕ್ಕಳ ಲೋಟವನ್ನಂತೂ ನೀವೇ ಮೊದಲು ರುಚಿ ನೋಡಿ, ಭಾಂಗ್ ಸೇರಿದ್ದರೆ ಹುಲ್ಲಿನಂಥ ಒಗರು ಮೆಣಸಿನ ಹಿಂದೆ ಉಳಿಯುತ್ತದೆ. ಹೋಳಿ, ಶಿವರಾತ್ರಿಗಳ ಮುನ್ನಾದಿನಗಳಲ್ಲಿ ಗದ್ದಲ ವಿಪರೀತವಿರುತ್ತದೆ, ಲೋಟಗಳು ಅದಲುಬದಲಾಗುವ ಸಾಧ್ಯತೆಯೂ ಹೆಚ್ಚು, ಆ ದಿನಗಳನ್ನು ಬಿಟ್ಟು ಹೋಗುವುದು ಮೇಲು. ಬೇಕೆಂದೇ ಭಾಂಗ್ ಕುಡಿಯುವ ವಯಸ್ಕರು ಒಬ್ಬರೇ ಹೋಗಬೇಡಿ, ಹಸಿದ ಹೊಟ್ಟೆಯಲ್ಲಿ ಹೋಗಬೇಡಿ, ಕುಡಿದ ಮೇಲೆ ಘಾಟಿನ ಮೆಟ್ಟಿಲಿಗಾಗಲಿ ದೋಣಿಗಾಗಲಿ ಇಳಿಯಬೇಡಿ.

ಉಂಡೆಯನ್ನು ಊರಿಗೆ ಕಟ್ಟಿಸಿಕೊಂಡು ಬರುವ ಯೋಚನೆಯನ್ನು ಮಾತ್ರ ಬಿಡಿ. ನಮ್ಮ ತಂಡದಲ್ಲೇ ಇಬ್ಬರಿಗೆ ಆ ಆಸೆಯಿತ್ತು, ಡಾಕ್ಟರರು ತಡೆದರು. ಬೆಂಗಳೂರಿನಲ್ಲಿ 29 ಕಿಲೊ ಭಾಂಗ್ ಜೊತೆಗೆ ಸಿಕ್ಕಿಬಿದ್ದವನೊಬ್ಬನಿಗೆ 2022ರ ಆಗಸ್ಟಿನಲ್ಲಿ ಜಾಮೀನು ಕೊಡುವಾಗ ಕರ್ನಾಟಕ ಹೈಕೋರ್ಟು ಭಾಂಗ್ 1985ರ ಕಾಯ್ದೆಯ ನಿಷಿದ್ಧ ಪಟ್ಟಿಯಲ್ಲಿಲ್ಲ ಎಂದದ್ದು ನಿಜ. ಆದರೆ ಅದು ಜಾಮೀನಿನ ಆದೇಶ, ಅಲ್ಲಿಯವರೆಗೆ ಆತ ಒಳಗೇ ಇದ್ದ. ಎಲೆಯನ್ನು ಕಲ್ಲಿನ ಮೇಲೆ ಬೆಣ್ಣೆಯಂತೆ ಅರೆದ ಮೇಲೆ ಅದರಲ್ಲಿ ಹೂವಿನ ತುದಿ ಸೇರಿತ್ತೋ ಇಲ್ಲವೋ ಎಂದು ರೈಲು ನಿಲ್ದಾಣದ ಪೊಲೀಸರು ಕಣ್ಣಿನಿಂದ ನೋಡಿ ಹೇಳಲಾರರು. ಪ್ರಯೋಗಾಲಯದ ವರದಿ ಬರುವವರೆಗೆ ಕಾಯಬೇಕಾದವರು ನೀವು. ಬದಲಿಗೆ ಅದೇ ಥಂಡಾಯಿ ಅಂಗಡಿಯಲ್ಲಿ ಭಾಂಗಿಲ್ಲದ ಒಣ ಮಸಾಲೆಯನ್ನು ಡಬ್ಬಿಯಲ್ಲಿ ತುಂಬಿ ಕೊಡುತ್ತಾರೆ. ದೊಡ್ಡಮ್ಮನವರು ಅದರ ಮುಚ್ಚಳ ತೆಗೆದು ಮೂಸಿ, ಗಸಗಸೆ ಸಾಕಷ್ಟು ಇದೆಯೆಂದು ಖಾತ್ರಿಮಾಡಿಕೊಂಡು, ಎರಡು ಡಬ್ಬಿ ಕೊಂಡರು.